ಸಂಜೆಯಾದರೆ ನೆಟ್ ಸ್ಲೋ: ಎಲ್ಲ ರೇಡಿಯೋ ಬದಲಿಸಲೇಬೇಕಾ?

ಓದುಗರ ಪ್ರಶ್ನೆ: ನಾನು ಚಿಕ್ಕದೊಂದು ವೈರ್‌ಲೆಸ್ ಇಂಟರ್ನೆಟ್ ಸೇವೆ ನಡೆಸುತ್ತೇನೆ. ಮೂರು ಟವರ್, 310 ಗ್ರಾಹಕರು, ಎಲ್ಲವೂ 5 ಗಿಗಾಹರ್ಟ್ಸ್. ಮೊದಲ ಟವರ್‌ವರೆಗೆ ಫೈಬರ್ ಇದೆ, ಅಲ್ಲಿ 120 ಗ್ರಾಹಕರು. ಅಲ್ಲಿಂದ 7 ಕಿ.ಮೀ. ದೂರದ ಎರಡನೇ ಟವರ್‌ಗೆ ರೇಡಿಯೋ ಲಿಂಕ್. ಅಲ್ಲಿಂದ 4 ಕಿ.ಮೀ. ದೂರದ ಮೂರನೆಯದಕ್ಕೆ ಇನ್ನೊಂದು. ಉಳಿದ 190 ಮಂದಿ ಆ ಎರಡರಲ್ಲಿದ್ದಾರೆ. ಸಂಜೆ 7ರಿಂದ 11ರವರೆಗೆ ವಿಡಿಯೋ ನಿಂತು ನಿಂತು ಬರುತ್ತದೆ ಎಂದು ಫೋನ್ ಮೇಲೆ ಫೋನ್. ನಾನು ಹೊರಗಿನಿಂದ ಕೊಳ್ಳುವ ಅಪ್‌ಸ್ಟ್ರೀಮ್ ಸಂಪರ್ಕವನ್ನು 500 ಎಂಬಿಪಿಎಸ್‌ನಿಂದ 1 ಜಿಬಿಪಿಎಸ್‌ಗೆ ಏರಿಸಿದೆ, ಏನೂ ಬದಲಾಗಲಿಲ್ಲ. ಸಂಜೆಯ ಗ್ರಾಫ್ 380 ದಾಟುವುದೇ ಇಲ್ಲ. 7 ಕಿ.ಮೀ. ಲಿಂಕಿನ ರೇಡಿಯೋ 300 ತೋರಿಸುತ್ತದೆ, ಬಳಕೆ 95ಕ್ಕಿಂತ ಮೇಲೆ ಹೋಗಿಲ್ಲ, ಹಾಗಾಗಿ ಅಲ್ಲಿ ತೊಂದರೆ ಇಲ್ಲ ಅಂದುಕೊಂಡಿದ್ದೇನೆ. ಮೊದಲ ಟವರ್‌ನಲ್ಲಿ ದೂರು ಕಡಿಮೆ, ಒಂದು ಸೆಕ್ಟರ್ (ಟವರ್‌ನಿಂದ ಒಂದು ದಿಕ್ಕಿನ ಗ್ರಾಹಕರಿಗೆ ಸೇವೆ ಕೊಡುವ ಭಾಗ) ಬಿಟ್ಟು. ಅದರಲ್ಲಿ 42 ಗ್ರಾಹಕರು, 80 ಮೆಗಾಹರ್ಟ್ಸ್ ಚಾನೆಲ್. ಬಹುತೇಕರ ಸಿಗ್ನಲ್ -60 ಡಿಬಿಎಂ ಆಸುಪಾಸು ಇದೆ. ಹೋದ ವರ್ಷ ಸಿಡಿಲಿಗೆ ಕೆಲವು ಪಿಒಇ ಅಡಾಪ್ಟರ್ (ನೆಟ್ ಕೇಬಲ್‌ನಲ್ಲೇ ರೇಡಿಯೋಗೆ ಕರೆಂಟ್ ಕೊಡುವವು) ಸುಟ್ಟುಹೋಗಿದ್ದವು, ಬದಲಿಸಿದ್ದೆ. ಇದರ ಜೊತೆ ವಾರಕ್ಕೆ ಒಂದೆರಡು ಸಲ ಮೂರೂ ಟವರ್ ಒಟ್ಟಿಗೆ ಕೈಕೊಡುತ್ತವೆ. ಮುಖ್ಯ ಸ್ವಿಚ್ ರೀಬೂಟ್ ಮಾಡಿದರೆ ಸರಿಹೋಗುತ್ತದೆ. ನಿಗಾ ಇಡುವ ಸಾಫ್ಟ್‌ವೇರ್ ಹಾಕಿದ್ದೇನೆ, ಆದರೆ ಅದು ರಾತ್ರಿಯೆಲ್ಲ ನೂರಾರು ಮೆಸೇಜ್ ಕಳಿಸುತ್ತದೆ ಅಂತ ಮ್ಯೂಟ್ ಮಾಡಿದ್ದೇನೆ. ಮಾರಾಟಗಾರರು ಎಲ್ಲ ಎಪಿಗಳನ್ನೂ (ಗ್ರಾಹಕರ ರೇಡಿಯೋಗಳ ಜೊತೆ ಮಾತಾಡುವ ಟವರ್ ರೇಡಿಯೋ) ಹೊಸ ಮಾದರಿಗೆ ಬದಲಿಸಿ ಅಂತ ಕೊಟೇಶನ್ ಕೊಟ್ಟಿದ್ದಾರೆ. ಸಾಲ ಮಾಡಿಯಾದರೂ ಬದಲಿಸಲಾ?

ಉತ್ತರ: ಸದ್ಯಕ್ಕೆ ಸಾಲ ಮಾಡಬೇಡಿ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ರೋಗಗಳು ಒಂದರ ಮೇಲೊಂದು ಕೂತಿವೆ. ಎಲ್ಲ ಎಪಿ ಬದಲಿಸಿದರೂ ಅವುಗಳಲ್ಲಿ ಎರಡು ಹಾಗೇ ಉಳಿಯುತ್ತವೆ. ಒಳ್ಳೆಯ ವಿಷಯ ಅಂದರೆ, ಮೊದಲನೆಯದನ್ನು ಹಿಡಿಯಲು ಬೇಕಾದ ಅಂಕಿ ಅಂಶಗಳನ್ನೆಲ್ಲ ನೀವೇ ಬರೆದಿದ್ದೀರಿ.

ಒಂದು ಸಣ್ಣ ಲೆಕ್ಕ ಹಾಕೋಣ. ಸಂಜೆ ಒಟ್ಟು 380 ಎಂಬಿಪಿಎಸ್ ಬರುತ್ತದೆ. ಅದರಲ್ಲಿ 95 ಎರಡನೇ ಟವರ್ ಕಡೆ ಹೋಗುತ್ತದೆ. ಉಳಿದ 285 ಮೊದಲ ಟವರ್‌ನಲ್ಲೇ ಖರ್ಚಾಗುತ್ತದೆ. 120 ಮಂದಿಗೆ 285 ಅಂದರೆ ತಲೆಗೆ ಸುಮಾರು 2.4 ಎಂಬಿಪಿಎಸ್. 190 ಮಂದಿಗೆ 95 ಅಂದರೆ ತಲೆಗೆ ಅರ್ಧ. ಒಂದೇ ಕಂಪನಿಯ, ಒಂದೇ ಬಗೆಯ ಪ್ಲಾನ್ ತೆಗೆದುಕೊಂಡ ಗ್ರಾಹಕರು ಟವರ್ ಬದಲಾದ ಮಾತ್ರಕ್ಕೆ ಐದು ಪಟ್ಟು ಕಡಿಮೆ ವಿಡಿಯೋ ನೋಡುತ್ತಾರಾ? ಇಲ್ಲ. ಅವರಿಗೆ ಸಿಗುತ್ತಿಲ್ಲ, ಅಷ್ಟೇ. ಒಳ್ಳೆ ಗುಣಮಟ್ಟದ ಒಂದು ವಿಡಿಯೋಗೆ 5 ಎಂಬಿಪಿಎಸ್ ಹಿಡಿದರೂ, 19 ಮನೆಗಳಲ್ಲಿ ಟಿವಿ ಹಾಕಿದರೆ ಆ ಲಿಂಕ್ ಮುಗಿಯಿತು.

ಈ 95 ಅನ್ನುವ ಸಂಖ್ಯೆಯನ್ನು ನಮ್ಮ ಕೆಲಸದಲ್ಲಿ ಇರುವವರು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ. 100 ಎಂಬಿಪಿಎಸ್ ಎತರ್ನೆಟ್‌ನಲ್ಲಿ ಹೆಡರ್, ಫ್ರೇಮ್‌ಗಳ ನಡುವಿನ ಬಿಡುವು ಎಲ್ಲ ಕಳೆದ ಮೇಲೆ ಕೈಗೆ ಸಿಗುವುದು 95ರ ಆಸುಪಾಸು. ಗ್ರಾಫ್ ತಲೆ ಚೂಪಾಗಿ ಏರಿ ಇಳಿಯದೆ, ಸಂಜೆ 7ಕ್ಕೆ 95ಕ್ಕೆ ಹೋಗಿ 11ರವರೆಗೆ ಚಪ್ಪಟೆಯಾಗಿ ನಿಂತಿದ್ದರೆ ಅದು ಬಳಕೆಯಲ್ಲ, ತಡೆ. ಗಾಳಿಯಲ್ಲಿ ರೇಡಿಯೋ 300 ಮಾತಾಡುತ್ತಿದೆ ನಿಜ. ಆದರೆ ರೇಡಿಯೋದಿಂದ ಸ್ವಿಚ್‌ಗೆ ಇಳಿಯುವ ಕೇಬಲ್ 100ಕ್ಕೆ ನಿಂತುಬಿಟ್ಟಿದೆ.

ಯಾಕೆ ಹೀಗಾಗುತ್ತದೆ? ಗಿಗಾಬಿಟ್ ಎತರ್ನೆಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ ಎರಡೇ ಜೋಡಿ ಸಾಕು. ಒಂದು ತಂತಿ ತುಕ್ಕು ಹಿಡಿದರೂ ಎಷ್ಟೋ ಪೋರ್ಟ್‌ಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಲಿಂಕ್ ಕಡಿದಿಲ್ಲ, ಪಿಂಗ್‌ಗೆ (ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಉತ್ತರ ಬರುತ್ತದೆ, ಹಾಗಾಗಿ ಎಚ್ಚರಿಕೆಯೂ ಬರುವುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಸಿಡಿಲಿನ ನಂತರ ಹಾಕಿದ ಪಿಒಇ ಅಡಾಪ್ಟರ್ ಮೇಲೆ. 100 ಎಂಬಿಪಿಎಸ್‌ಗೆ ಮಾಡಿದ ಪ್ಯಾಸಿವ್ ಅಡಾಪ್ಟರ್‌ಗಳು ಖಾಲಿ ಬಿದ್ದಿರುವ ಎರಡು ಜೋಡಿಯಲ್ಲಿ ಕರೆಂಟ್ ಕಳಿಸುತ್ತವೆ, ಅವುಗಳಲ್ಲಿ ಡೇಟಾ ಹೋಗುವುದೇ ಇಲ್ಲ. ನೋಡಲು ಗಿಗಾಬಿಟ್‌ನದರ ಹಾಗೇ ಇರುತ್ತವೆ. ಕತ್ತಲಲ್ಲಿ, ಅವಸರದಲ್ಲಿ, ಚೀಲದಲ್ಲಿ ಸಿಕ್ಕಿದ್ದನ್ನು ಹಾಕಿ ಬರುವುದು ಸಹಜ ಅಲ್ವಾ?

ಇವತ್ತೇ ಎರಡೂ ತುದಿಯ ರೇಡಿಯೋಗಳ ಪುಟ ತೆರೆದು ಲ್ಯಾನ್ ಸ್ಪೀಡ್ (ಕೇಬಲ್ ಕಡೆಯ ವೇಗ) ನೋಡಿ. 1000 ಇರಬೇಕಾದ ಕಡೆ 100 ಇದ್ದರೆ ಮೊದಲು ಅಡಾಪ್ಟರ್, ಆಮೇಲೆ ಎರಡೂ ತುದಿಯ ಕನೆಕ್ಟರ್, ಕೊನೆಗೆ ಕೇಬಲ್. ಅಡಾಪ್ಟರ್ ಬದಲಿಸುವಾಗ ವೋಲ್ಟೇಜ್ ನೋಡಿಕೊಳ್ಳಿ. 24 ವೋಲ್ಟ್ ಪ್ಯಾಸಿವ್ ಬೇಕಾದ ರೇಡಿಯೋಗೆ 48 ವೋಲ್ಟ್ ಪ್ಯಾಸಿವ್ ಕೊಟ್ಟರೆ ರೇಡಿಯೋ ಸುಡಬಹುದು. ಸ್ವಿಚ್ ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಡೇಟಾ) ಎಣಿಕೆ ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರ್ ಹಾಳಾಗಿರಬಹುದು, ಒಳಗೆ ನೀರು ಹೋಗಿದೆಯಾ ಅಂತ ನೋಡಿ. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಕೆಳಗೆ ಒಂದು ಸುತ್ತು ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಇದು ಸರಿಯಾದರೆ ಎಲ್ಲ ಸರಿಯಾಯಿತು ಅಂತ ನಾನು ಹೇಳುವುದಿಲ್ಲ. 300 ಅನ್ನುವುದು ಗಾಳಿಯಲ್ಲಿನ ರೇಟ್. ಅದರಲ್ಲಿ ನಿಜವಾಗಿ ಸಿಗುವುದು 200ರ ಒಳಗೆ, ಅದೂ ಡೌನ್‌ಲೋಡ್, ಅಪ್‌ಲೋಡ್ ಎರಡೂ ಸೇರಿ. 190 ಮಂದಿಗೆ ತಲೆಗೆ 1 ಎಂಬಿಪಿಎಸ್ ಆಯಿತು. ಮೊದಲ ಟವರ್‌ನವರ ಮಟ್ಟಕ್ಕೆ ಬರಬೇಕಾದರೆ 450 ಬೇಕು. ಅಂದರೆ ದುಡ್ಡು ಹಾಕಬೇಕಾದ ಮೊದಲ ಜಾಗ ಈ 7 ಕಿ.ಮೀ. ಲಿಂಕ್, ಎಪಿಗಳಲ್ಲ. ಇನ್ನೊಂದು ಮಾತು. ಈ ಲಿಂಕ್ ಅಗಲವಾದ ದಿನ ಮೂರನೇ ಟವರ್‌ನ ಸೆಕ್ಟರ್‌ಗಳ ಬಣ್ಣ ಬಯಲಾಗುತ್ತದೆ. ಇಲ್ಲಿವರೆಗೆ ಮುಂದಿನ ಇಕ್ಕಟ್ಟು ಹಿಂದಿನ ಇಕ್ಕಟ್ಟನ್ನು ಮುಚ್ಚಿಟ್ಟಿತ್ತು. ಅಪ್‌ಸ್ಟ್ರೀಮ್ ಏರಿಸಿದಾಗ ಏನೂ ಆಗದಿದ್ದುದಕ್ಕೂ ಕಾರಣ ಇದೇ. 380 ಬಳಸುತ್ತಿದ್ದವರಿಗೆ 500 ಆಗಲೇ ಸಾಕಷ್ಟಿತ್ತು.

ಮೊದಲ ಟವರ್‌ನ ಆ ಸೆಕ್ಟರ್

ಇಲ್ಲಿ ರೋಗ ಬೇರೆ. ನಾವು ಗ್ರಾಹಕರಿಗೆ ಮಾರುವುದು ಎಂಬಿಪಿಎಸ್ ಅಂತ ಹೇಳುತ್ತೇವೆ. ಆದರೆ ಎಪಿ ಹಂಚುವುದು ಸಮಯವನ್ನು. ಒಂದು ಸೆಕ್ಟರ್‌ನಲ್ಲಿ ಒಂದು ಗಳಿಗೆಗೆ ಒಬ್ಬರೇ ಮಾತಾಡಬಹುದು. ಸಾಮಾನ್ಯ ಎಪಿಗಳ ನಿಯಮ ಅದು. ಸಿಗ್ನಲ್ ಚೆನ್ನಾಗಿರುವ ಗ್ರಾಹಕರಿಗೆ 200 ಎಂಬಿಪಿಎಸ್ ವೇಗದಲ್ಲಿ ಡೇಟಾ ಕಳಿಸಲು ಆಗುತ್ತದೆ ಅಂದುಕೊಳ್ಳಿ. ಅವರಿಗೆ 10 ಎಂಬಿಪಿಎಸ್ ಕೊಡಲು ಎಪಿಯ ಸಮಯದಲ್ಲಿ 5% ಸಾಕು. ಮರದ ಮರೆಯಲ್ಲಿರುವ ಇನ್ನೊಬ್ಬರಿಗೆ 20ರ ವೇಗದಲ್ಲಷ್ಟೇ ಕಳಿಸಬಹುದು. ಅವರಿಗೂ ಅದೇ 10 ಎಂಬಿಪಿಎಸ್ ಕೊಡಲು 50% ಹೋಗುತ್ತದೆ. ಪ್ಲಾನ್ ಒಂದೇ, ಬಿಲ್ ಒಂದೇ. ಒಬ್ಬರು ಇನ್ನೊಬ್ಬರ ಹತ್ತು ಪಟ್ಟು ಏರ್‌ಟೈಮ್ ತಿನ್ನುತ್ತಾರೆ. ಇಂಥವರು ಇಬ್ಬರು ಸಂಜೆ ವಿಡಿಯೋ ಹಾಕಿದರೆ ಉಳಿದ 40 ಮಂದಿ ಕಾಯುತ್ತಾ ಕೂರಬೇಕು. ತಮಾಷೆ ಅಂದರೆ ಫೋನ್ ಮಾಡಿ ಬೈಯುವವರು ಹೆಚ್ಚಾಗಿ ಸಿಗ್ನಲ್ ಚೆನ್ನಾಗಿರುವವರೇ. ಅವರ ಮನೆಗೆ ಹೋಗಿ ಡಿಶ್ ತಿರುಗಿಸಿ ಏನೂ ಪ್ರಯೋಜನವಿಲ್ಲ.

ಎಪಿಯಲ್ಲಿ ಗ್ರಾಹಕರ ಪಟ್ಟಿ ತೆರೆದು ಏರ್‌ಟೈಮ್ ಪ್ರಕಾರ ಜೋಡಿಸಿ, ಸಂಜೆ 9ಕ್ಕೆ ನೋಡಿ. ಬೆಳಿಗ್ಗೆ ನೋಡಿದರೆ ಎಲ್ಲರೂ ಒಳ್ಳೆಯವರೇ. ನಾನು ನೋಡಿಕೊಂಡ ಸೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯ ಗ್ರಾಹಕರು ಅರ್ಧದಷ್ಟು ಸಮಯ ತೆಗೆದುಕೊಂಡಿರುತ್ತಾರೆ. ಅವರನ್ನು ಸರಿಪಡಿಸುವುದೇ ಅತಿ ಕಡಿಮೆ ಖರ್ಚಿನ ಅಪ್‌ಗ್ರೇಡ್: ಡಿಶ್ ದೊಡ್ಡದು ಮಾಡುವುದು, ಕಂಬ ಎತ್ತರಿಸುವುದು, ಇನ್ನೊಂದು ಟವರ್ ಕಡೆ ತಿರುಗಿಸುವುದು. ಯಾವುದೂ ಆಗದಿದ್ದರೆ ಅವರಿಗೆ ಕಡಿಮೆ ವೇಗದ ಪ್ಲಾನ್ ಕೊಡುವುದು, ಅಥವಾ ನಮ್ಮಿಂದ ಆಗಲ್ಲ ಅಂತ ಹೇಳಿಬಿಡುವುದು. ಒಬ್ಬ ಗ್ರಾಹಕರನ್ನು ಬಿಡುವುದು ಕಷ್ಟ, ಗೊತ್ತು. ಆದರೆ ಆ ಒಬ್ಬರಿಂದಾಗಿ ಹತ್ತು ಮಂದಿ ಬಿಟ್ಟುಹೋಗುತ್ತಿದ್ದರೆ ಲೆಕ್ಕ ಹಾಕುವುದು ವಾಸಿ.

"-60 ಇದೆ, ಸಿಗ್ನಲ್ ಚೆನ್ನಾಗಿದೆ" ಅನ್ನುವುದು ಅರ್ಧ ಸತ್ಯ. ಮುಖ್ಯವಾದದ್ದು ಸಿಗ್ನಲ್‌ಗೂ ಗದ್ದಲಕ್ಕೂ ನಡುವಿನ ಅಂತರ. ಗದ್ದಲ -95ರಲ್ಲಿದ್ದರೆ ಅಂತರ 35 ಡಿಬಿ, 256 ಕ್ವಾಮ್ ಅನ್ನುವ ಹೆಚ್ಚು ವೇಗದ ವಿಧಾನ ಆರಾಮಾಗಿ ನಡೆಯುತ್ತದೆ. ಗದ್ದಲ -78ಕ್ಕೆ ಏರಿದರೆ ಅಂತರ 18, ವೇಗ ಅರ್ಧಕ್ಕೂ ಕೆಳಗೆ. ಇನ್ನೂ ಒಂದು ವಿಷಯ ಜನ ಮರೆಯುತ್ತಾರೆ. ಆ -60 ಗ್ರಾಹಕರ ಕಡೆ ಕೇಳಿಸುವ ಸಿಗ್ನಲ್. ಎಪಿ ಟವರ್ ತುದಿಯಲ್ಲಿ ಕೂತು ಸುತ್ತಲಿನ ಎಲ್ಲರ ರೇಡಿಯೋ ಕೇಳಿಸಿಕೊಳ್ಳುತ್ತದೆ, ಅದರ ಕಿವಿಯಲ್ಲಿ ಗದ್ದಲ ಜಾಸ್ತಿ. ಅಪ್‌ಲೋಡ್ ಹಾಳಾದರೆ ಡೇಟಾ ತಲುಪಿತು ಅನ್ನುವ ಟಿಸಿಪಿಯ ಉತ್ತರಗಳು ತಡವಾಗಿ ಡೌನ್‌ಲೋಡ್ ಕೂಡ ಕುಂಟುತ್ತದೆ. ಎರಡೂ ಕಡೆಯ ಅಂಕಿ ನೋಡಿ.

ಪವರ್ ಏರಿಸಿದರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ಎಪಿಯ ಪವರ್ ಏರಿಸಿದರೆ ಎಪಿ ಜೋರಾಗಿ ಮಾತಾಡುತ್ತದೆ, ಕಿವಿ ಚುರುಕಾಗುವುದಿಲ್ಲ. ಜೊತೆಗೆ ನಿಮ್ಮದೇ ಪಕ್ಕದ ಸೆಕ್ಟರ್‌ಗೆ ಗದ್ದಲ. ಪವರ್‌ಗೆ ನಿಮ್ಮ ದೇಶದ ಕಾನೂನಿನ ಮಿತಿಯೂ ಇದೆ, ಅದನ್ನು ದಾಟಬೇಡಿ.

ಬದಲಿಗೆ ಚಾನೆಲ್ ಅಗಲ ಕಡಿಮೆ ಮಾಡಿ. 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದರೆ ಒಳಗೆ ಬರುವ ಗದ್ದಲ ಅರ್ಧವಾಗುತ್ತದೆ, ಅಂದರೆ 3 ಡಿಬಿ ಲಾಭ ಬಿಟ್ಟಿ. ಪಕ್ಕದವರ ಚಾನೆಲ್ ತಪ್ಪಿಸಿ ಖಾಲಿ ಜಾಗದಲ್ಲಿ ಕೂರಲು ಸಾಧ್ಯವಾದರೆ ಲಾಭ ಇನ್ನೂ ಜಾಸ್ತಿ. ಸ್ಪೀಡ್ ಟೆಸ್ಟ್‌ನಲ್ಲಿ ಒಬ್ಬರಿಗೆ ಸಿಗುವ ಗರಿಷ್ಠ ವೇಗ ಇಳಿಯುತ್ತದೆ, ಅದು ನಿಜವಾದ ನಷ್ಟ. ಆದರೆ ಗದ್ದಲ ತುಂಬಿದ ಕಡೆ 42 ಮಂದಿಯ ಒಟ್ಟು ಅನುಭವ ಬಹಳ ಸಲ ಸುಧಾರಿಸುತ್ತದೆ. ಒಂದು ವಾರ ಇಟ್ಟು ನೋಡಿ, ಹಿಡಿಸದಿದ್ದರೆ ವಾಪಸ್. ಹಾಗೇ ಆ ಎಪಿಯಲ್ಲಿ ಟಿಡಿಎಂಎ ಅಥವಾ ಪೋಲಿಂಗ್ ವಿಧಾನ (ಮಾತಾಡುವ ಸರದಿಯನ್ನು ಎಪಿಯೇ ಕೊಡುವುದು) ಚಾಲೂ ಇದೆಯಾ ಅಂತಲೂ ನೋಡಿ. ಸಾದಾ ವೈಫೈ ವಿಧಾನದಲ್ಲಿ ಪ್ರತಿಯೊಬ್ಬರೂ ಮಾತಾಡುವ ಮುಂಚೆ ಬೇರೆಯವರು ಮಾತಾಡುತ್ತಿದ್ದಾರಾ ಅಂತ ಕೇಳಿಸಿಕೊಳ್ಳಬೇಕು. ಡಿಶ್ ಎಪಿ ಕಡೆಗೆ ತಿರುಗಿರುವಾಗ ಪಕ್ಕದ ಊರಿನ ಗ್ರಾಹಕರ ಮಾತು ಹೇಗೆ ಕೇಳಿಸೀತು? ಇಬ್ಬರೂ ಒಟ್ಟಿಗೆ ಶುರುಮಾಡುತ್ತಾರೆ, ಎರಡೂ ಹಾಳು.

ವಾರಕ್ಕೊಮ್ಮೆ ಎಲ್ಲ ನಿಲ್ಲುವುದು

ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ: ಮೂರೂ ಟವರ್, 310 ಮನೆ, ಎಲ್ಲವೂ ಒಂದೇ ಬ್ರಿಡ್ಜ್‌ನಲ್ಲಿ, ಅಂದರೆ ನಡುವೆ ರೌಟರ್ ಇಲ್ಲದ ಒಂದೇ ಜಾಲದಲ್ಲಿವೆ. ಶುರುವಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, 30 ಗ್ರಾಹಕರಿರುವಾಗ ಏನೂ ಆಗುವುದಿಲ್ಲ. 300ಕ್ಕೆ ಬಂದಾಗ ಯಾರದೋ ಮನೆಯಲ್ಲಿ ವೈಫೈ ರೌಟರ್ ಒರೆಸಿ, ಮತ್ತೆ ಕೇಬಲ್ ಹಾಕುವಾಗ ವ್ಯಾನ್ ಪೋರ್ಟ್ (ಇಂಟರ್ನೆಟ್ ಬರುವ ಕಡೆ) ಬದಲು ಲ್ಯಾನ್ ಪೋರ್ಟ್‌ಗೆ (ಮನೆಯ ಕಡೆ) ಚುಚ್ಚುತ್ತಾರೆ. ಆ ರೌಟರ್ ನಿಮ್ಮ ಇಡೀ ಜಾಲಕ್ಕೆ ಐಪಿ ಹಂಚಲು ಕೂರುತ್ತದೆ. ಅಥವಾ ಎಲ್ಲೋ ಒಂದು ಲೂಪ್ ಆಗಿ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಸ್ವಿಚ್ ರೀಬೂಟ್ ಮಾಡಿದಾಗ ಸುತ್ತು ಕಡಿಯುತ್ತದೆ, ಜೊತೆಗೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ಮುಂದಿನ ಸಲ ನಿಂತಾಗ ರೀಬೂಟ್‌ಗೆ ಮುಂಚೆ ಐದು ನಿಮಿಷ ತಡೆಯಿರಿ. ಬಯ್ಗುಳ ತಿನ್ನಬೇಕಾಗುತ್ತದೆ, ಆದರೂ ತಡೆಯಿರಿ. ಯಾವ ಪೋರ್ಟ್‌ನಲ್ಲಿ ಬ್ರಾಡ್‌ಕಾಸ್ಟ್ ಎಣಿಕೆ ಹುಚ್ಚುಹಿಡಿದ ಹಾಗೆ ಏರುತ್ತಿದೆ, ಯಾವ ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ಎರಡು ಪೋರ್ಟ್‌ಗಳ ನಡುವೆ ಕುಣಿಯುತ್ತಿದೆ ಅಂತ ಬರೆದುಕೊಳ್ಳಿ. ಎಲ್ಲ ಸಾಧನಗಳ ಲಾಗ್ ಬೇರೆ ಒಂದು ಸರ್ವರ್‌ಗೆ ಹೋಗುವ ಹಾಗೆ ಸಿಸ್‌ಲಾಗ್ ಹಾಕಿ, ಗಡಿಯಾರಗಳನ್ನು ಎನ್‌ಟಿಪಿಯಿಂದ ಸರಿಮಾಡಿ. ಒಂದು ರೇಡಿಯೋ 1970ರಲ್ಲಿ, ಇನ್ನೊಂದು ನಿನ್ನೆಯಲ್ಲಿ ಬದುಕುತ್ತಿದ್ದರೆ ಯಾವುದು ಮೊದಲು ಬಿತ್ತು ಅಂತ ಹೇಳುವುದು ಹೇಗೆ?

ತಕ್ಷಣದ ಪರಿಹಾರಕ್ಕೆ ದುಡ್ಡು ಬೇಡ. ಎಪಿಗಳಲ್ಲಿ ಗ್ರಾಹಕರು ಒಬ್ಬರನ್ನೊಬ್ಬರು ನೋಡದ ಹಾಗೆ ಕ್ಲೈಂಟ್ ಐಸೊಲೇಶನ್ ಹಾಕಿ. ಅದು ಒಂದು ಎಪಿಯ ಒಳಗಷ್ಟೇ ಕೆಲಸ ಮಾಡುತ್ತದೆ, ಹಾಗಾಗಿ ಟವರ್‌ನ ಸ್ವಿಚ್‌ನಲ್ಲೂ ಎಪಿ ಪೋರ್ಟ್‌ಗಳ ನಡುವೆ ಐಸೊಲೇಶನ್ ಬೇಕು. ಗ್ರಾಹಕರ ಕಡೆಯ ರೇಡಿಯೋವನ್ನು ಬ್ರಿಡ್ಜ್ ಬದಲು ರೌಟರ್ ಮೋಡ್‌ಗೆ ಹಾಕಿದರೆ ಅವರ ಮನೆಯ ತಪ್ಪು ಅವರ ಮನೆಯಲ್ಲೇ ಉಳಿಯುತ್ತದೆ. ಇದರಲ್ಲಿ ಒಂದು ಕಿರಿಕಿರಿ ಇದೆ. ಮನೆಯ ವೈಫೈ ರೌಟರ್ ಕೂಡ ಇದ್ದರೆ ನ್ಯಾಟ್ (ಐಪಿ ವಿಳಾಸ ಬದಲಾಯಿಸುವ ಕೆಲಸ) ಎರಡು ಸಲ ಆಗುತ್ತದೆ, ಗೇಮ್ ಆಡುವವರು, ಮನೆಯ ಕ್ಯಾಮೆರಾವನ್ನು ಹೊರಗಿಂದ ನೋಡುವವರು ದೂರು ಹೇಳಬಹುದು.

ಶಾಶ್ವತ ಪರಿಹಾರ ಪ್ರತಿ ಟವರ್‌ಗೆ ಒಂದು ರೌಟರ್, ಪ್ರತಿ ಟವರ್‌ಗೆ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು), ನಡುವೆ ಒಎಸ್‌ಪಿಎಫ್ (ರೌಟರ್‌ಗಳು ತಾವೇ ದಾರಿ ಹುಡುಕಿಕೊಳ್ಳುವ ವಿಧಾನ). ಆಗ ಒಂದು ಟವರ್‌ನ ಗಲಾಟೆ ಇನ್ನೊಂದಕ್ಕೆ ದಾಟುವುದಿಲ್ಲ. ಒಂದೇ ರಾತ್ರಿ ಮೂರನ್ನೂ ಬದಲಿಸಲು ಹೋಗಬೇಡಿ. ಮೂರನೇ ಟವರ್‌ನಿಂದ ಶುರುಮಾಡಿ, ಅದರ ಹಿಂದೆ ಬೇರೆ ಟವರ್ ಇಲ್ಲ, ಹಾಳಾದರೆ ಅಲ್ಲಿನವರಿಗೆ ಮಾತ್ರ. ಸ್ಥಿರ ಐಪಿ ಇಟ್ಟುಕೊಂಡ ಗ್ರಾಹಕರ ಪಟ್ಟಿ ಮೊದಲೇ ಮಾಡಿ, ಅಂಥವರೇ ಮಾರನೇ ದಿನ ಬೆಳಿಗ್ಗೆ ಮೊದಲು ಫೋನ್ ಮಾಡುವವರು. ಪಿಪಿಪಿಒಇ (ಗ್ರಾಹಕರು ಲಾಗಿನ್ ಆಗಿ ಸೇರುವ ವಿಧಾನ) ಬಳಸುವುದಾದರೆ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್‌ಗೆ ಇಳಿಯುತ್ತದೆ. ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಟಿಸಿಪಿ ತುಂಬುವ ಗರಿಷ್ಠ ಡೇಟಾ) ಅನ್ನು 1452ಕ್ಕೆ ಕಟ್ಟದಿದ್ದರೆ "ಕೆಲವು ಸೈಟ್ ಮಾತ್ರ ತೆರೆಯುತ್ತಿಲ್ಲ" ಅನ್ನುವ ವಿಚಿತ್ರ ದೂರು ಬರುತ್ತದೆ.

ನಿಗಾ: ಏನು ನೋಡಬೇಕು, ಯಾವಾಗ ಎಬ್ಬಿಸಬೇಕು

ಲಿಬ್ರೆಎನ್‌ಎಂಎಸ್, ಜಾಬಿಕ್ಸ್, ರೌಟರ್ ತಯಾರಿಸುವ ಮೈಕ್ರೋಟಿಕ್‌ನ ದ ಡ್ಯೂಡ್, ಯಾವುದಾದರೂ ಸರಿ. ಸಾಫ್ಟ್‌ವೇರ್ ಬದಲಿಸುವುದರಲ್ಲಿ ಸಮಯ ಕಳೆಯಬೇಡಿ. ಅದಕ್ಕೆ ಏನು ಕೇಳುತ್ತೀರಿ ಅನ್ನುವುದೇ ಮುಖ್ಯ.

ಈಗ ನೀವು ನೋಡುತ್ತಿರುವುದು ಬಹುಶಃ 5 ನಿಮಿಷದ ಸರಾಸರಿ. ಲಿಂಕ್ ಎರಡು ನಿಮಿಷ ಪೂರ್ತಿ ತುಂಬಿ, ಮೂರು ನಿಮಿಷ ಖಾಲಿ ಇದ್ದರೆ ಗ್ರಾಫ್ 40% ಅನ್ನುತ್ತದೆ. ಗ್ರಾಹಕರಿಗೆ ಆ ಎರಡು ನಿಮಿಷ ವಿಡಿಯೋ ನಿಂತಿತ್ತು. ತಿಂಗಳ ಗ್ರಾಫ್‌ಗೆ ಹೋದರೆ ಸರಾಸರಿಯ ಸರಾಸರಿ, ಸಂಜೆಯ ಗುಡ್ಡಗಳೆಲ್ಲ ಸವೆದು ಬಯಲಾಗಿರುತ್ತವೆ. ಸರಾಸರಿಯ ಜೊತೆ ಗರಿಷ್ಠವನ್ನೂ ಉಳಿಸುವ ಹಾಗೆ ಹೇಳಿ. ಬ್ಯಾಕ್‌ಹಾಲ್ (ಟವರ್‌ನಿಂದ ಟವರ್‌ಗೆ ಹೋಗುವ) ಲಿಂಕ್‌ಗಳನ್ನು ಒಂದು ನಿಮಿಷಕ್ಕೊಮ್ಮೆ ಓದಿಸಿ.

ಇನ್ನೊಂದು ಮೋಸ 32 ಬಿಟ್ ಕೌಂಟರ್. ನಿಗಾ ಸಾಫ್ಟ್‌ವೇರ್ ಸಾಧನಗಳಿಂದ ಅಂಕಿ ಓದುವ ವಿಧಾನ ಎಸ್‌ಎನ್‌ಎಂಪಿ. ಅದರ ಹಳೆಯ ಕೌಂಟರ್ 4,294,967,295 ಬೈಟ್ ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. 5 ನಿಮಿಷಕ್ಕೊಮ್ಮೆ ಓದಿದರೆ ಅದು 114 ಎಂಬಿಪಿಎಸ್‌ಗಿಂತ ಜಾಸ್ತಿ ತೋರಿಸಲಾರದು. ಅದಕ್ಕಿಂತ ಮೇಲಿನ ಬಳಕೆಗೆ ಸುಳ್ಳು ಸಂಖ್ಯೆ ಬರುತ್ತದೆ. ನಿಮ್ಮ ಅಪ್‌ಸ್ಟ್ರೀಮ್ ಗ್ರಾಫ್ 380 ತೋರಿಸುತ್ತಿದೆ, ಹಾಗಾಗಿ ಅಲ್ಲಿ 64 ಬಿಟ್ ಕೌಂಟರ್ ಇದೆ ಅಥವಾ ಬೇಗ ಬೇಗ ಓದುತ್ತಿದ್ದೀರಿ. 7 ಕಿ.ಮೀ. ಲಿಂಕಿನ 95 ಕೂಡ ಈ ಮೋಸದಿಂದ ಬಂದಿರಬಹುದಾ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಆದರೆ ಕೌಂಟರ್ ಸುತ್ತಿದರೆ ಗ್ರಾಫ್ ದಿಢೀರನೆ ಕೆಳಗೆ ಬಿದ್ದು ಏಳುತ್ತದೆ, ಗಂಟೆಗಟ್ಟಲೆ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ.

ಬಳಕೆಗಿಂತ ನಿಜ ಹೇಳುವುದು ಪಿಂಗ್. ಪ್ರತಿ ಟವರ್, ಪ್ರತಿ ಸೆಕ್ಟರ್‌ನ ಒಬ್ಬಿಬ್ಬರು ಗ್ರಾಹಕರ ರೇಡಿಯೋಗೆ ಸ್ಮೋಕ್‌ಪಿಂಗ್ (ಪಿಂಗ್ ಸಮಯದ ಗ್ರಾಫ್ ಬರೆಯುವ ಸಾಫ್ಟ್‌ವೇರ್) ಹಾಕಿ. ಬೆಳಗಿನ ಜಾವ 6 ಮಿಲಿಸೆಕೆಂಡ್ ಇದ್ದದ್ದು ಸಂಜೆ 250 ಆದರೆ, ಮೊದಲ ಟವರ್‌ವರೆಗೆ ಮಾತ್ರ 6ರಲ್ಲೇ ಇದ್ದರೆ, ಇಕ್ಕಟ್ಟು ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಸಾಲಿನಲ್ಲಿ ಪ್ಯಾಕೆಟ್‌ಗಳು ಕಾಯುತ್ತಿವೆ. ಈ ಕಾಯುವಿಕೆಗೆ ಒಳ್ಳೆ ಮದ್ದು ಬಂದಿದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಅನ್ನುವ ವಿಧಾನ ಪ್ರಕಟಿಸಿದರು. ಅದರ ಮೇಲೆ ಕಟ್ಟಿದ ಎಫ್‌ಕ್ಯೂ ಕೋಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂತು. ಕೇಕ್ ಅದರ ಮುಂದಿನ ರೂಪ. ಒಬ್ಬರ ದೊಡ್ಡ ಡೌನ್‌ಲೋಡ್‌ನ ಹಿಂದೆ ಇನ್ನೊಬ್ಬರ ವಿಡಿಯೋ ಕಾಲ್ ಸಿಕ್ಕಿಹಾಕಿಕೊಳ್ಳದ ಹಾಗೆ ಇವು ನೋಡಿಕೊಳ್ಳುತ್ತವೆ. ಟವರ್, ಸೆಕ್ಟರ್ ಲೆಕ್ಕದಲ್ಲಿ ಇದನ್ನೇ ಮಾಡಲು ಲಿಬ್ರೆಕ್ಯೂಒಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಷರತ್ತು ಒಂದೇ. ಮಿತಿಯನ್ನು ಲಿಂಕ್ ನಿಜವಾಗಿ ಕೊಡುವುದಕ್ಕಿಂತ ಸ್ವಲ್ಪ ಕೆಳಗೆ ಇಡಬೇಕು, ಆಗಲೇ ಸಾಲು ನಿಮ್ಮ ಕೈಯಲ್ಲಿರುತ್ತದೆ. ಮಳೆ ಬಂದು ಲಿಂಕ್ ಕುಗ್ಗಿದಾಗ ಆ ಲೆಕ್ಕ ತಪ್ಪುತ್ತದೆ, ಅದು ತಿಳಿದಿರಲಿ. ಇದು ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ಇರುವುದನ್ನು ಸರಿಯಾಗಿ ಹಂಚುತ್ತದೆ.

ಉಳಿದಂತೆ ಪ್ರತಿ ರೇಡಿಯೋದಿಂದ ಎರಡೂ ದಿಕ್ಕಿನ ಸಿಗ್ನಲ್, ಮಾಡ್ಯುಲೇಶನ್, ಏರ್‌ಟೈಮ್, ಲ್ಯಾನ್ ಸ್ಪೀಡ್, ಅಪ್‌ಟೈಮ್ ಇಷ್ಟು ದಾಖಲಿಸಿ. ಲ್ಯಾನ್ ಸ್ಪೀಡ್ 1000ದಿಂದ 100ಕ್ಕೆ ಇಳಿದರೆ ಎಚ್ಚರಿಕೆ ಬರಲಿ. ಟವರ್ ಬ್ಯಾಟರಿಯ ವೋಲ್ಟೇಜ್ ಕೂಡ ಬೇಕು. ಕರೆಂಟ್ ಹೋಗಿದೆ ಅನ್ನುವುದು ಟವರ್ ಸತ್ತ ಮೇಲೆ ಗೊತ್ತಾಗುವುದಕ್ಕೂ, ಎರಡು ಗಂಟೆ ಮುಂಚೆ ಗೊತ್ತಾಗುವುದಕ್ಕೂ ಬಹಳ ವ್ಯತ್ಯಾಸ.

ಇನ್ನು ಆ ನೂರಾರು ಮೆಸೇಜ್. ಎರಡನೇ ಟವರ್ ಲಿಂಕ್ ಬಿದ್ದರೆ ಅದರ ಹಿಂದಿನ 190 ಗ್ರಾಹಕರೂ ಸಾಫ್ಟ್‌ವೇರ್ ಕಣ್ಣಿಗೆ ಸತ್ತ ಹಾಗೆ. ಯಾವುದು ಯಾವುದರ ಹಿಂದಿದೆ ಅನ್ನುವ ಅವಲಂಬನೆಯನ್ನು ತುಂಬಿಸಿದರೆ ಒಂದೇ ಮೆಸೇಜ್ ಬರುತ್ತದೆ. ಒಂದು ಪಿಂಗ್ ತಪ್ಪಿದ ಕೂಡಲೇ ಕೂಗಬಾರದು, ಸತತ ಮೂರು ತಪ್ಪಲಿ. ರಾತ್ರಿ ನಿಮ್ಮನ್ನು ಎಬ್ಬಿಸಬೇಕಾದದ್ದು ಟವರ್, ಬ್ಯಾಕ್‌ಹಾಲ್, ಅಪ್‌ಸ್ಟ್ರೀಮ್, ಬ್ಯಾಟರಿ ಇಷ್ಟೇ. ಒಬ್ಬ ಗ್ರಾಹಕರು ಮಲಗುವ ಮುಂಚೆ ಸ್ವಿಚ್ ಆರಿಸಿದ್ದಕ್ಕೆ ನೀವು ಏಳಬೇಕಾ? ಉಳಿದದ್ದೆಲ್ಲ ಬೆಳಗಿನ ಪಟ್ಟಿಗೆ ಹೋಗಲಿ. ಮೆಸೇಜ್ ಕಳಿಸುವ ಸರ್ವರ್ ನಿಮ್ಮದೇ ಅಪ್‌ಸ್ಟ್ರೀಮ್ ಹಿಂದೆ ಇದ್ದರೆ, ಅಪ್‌ಸ್ಟ್ರೀಮ್ ಬಿದ್ದಾಗ ಅದೂ ಮೂಕ. ಹೊರಗಿನ ಯಾವುದಾದರೂ ಸರ್ವರ್‌ನಿಂದ ನಿಮ್ಮ ಮುಖ್ಯ ರೌಟರ್‌ಗೆ ಒಂದು ಪಿಂಗ್ ಇರಲಿ.

ನಿಗಾ ಇಡುವ ಬಾಗಿಲಿನಿಂದ ಕಳ್ಳರೂ ಬರುತ್ತಾರೆ. ಎಸ್‌ಎನ್‌ಎಂಪಿಯ ಪಾಸ್‌ವರ್ಡ್ 'ಪಬ್ಲಿಕ್' ಅಂತಲೇ ಬಿಟ್ಟಿದ್ದರೆ ಬದಲಿಸಿ. ರೇಡಿಯೋ, ರೌಟರ್‌ಗಳ ನಿರ್ವಹಣೆಗೆ ಬೇರೆ ವಿಲ್ಯಾನ್ (ಅದೇ ಕೇಬಲ್‌ಗಳ ಮೇಲೆ ಬೇರ್ಪಡಿಸಿದ ಜಾಲ) ಕೊಡಿ, ಹೊರಗಿನಿಂದ ತಲುಪದ ಹಾಗೆ ಮಾಡಿ. 2018ರಲ್ಲಿ ಮೈಕ್ರೋಟಿಕ್ ರೌಟರ್‌ಗಳನ್ನು ನಿರ್ವಹಿಸುವ ವಿನ್‌ಬಾಕ್ಸ್‌ನಲ್ಲಿ ಒಂದು ದೋಷ ಸಿಕ್ಕಿತ್ತು. ಏಪ್ರಿಲ್‌ನಲ್ಲೇ ಅದಕ್ಕೆ ಅಪ್‌ಡೇಟ್ ಬಂದಿತ್ತು. ತಿಂಗಳುಗಳಾದರೂ ಅಪ್‌ಡೇಟ್ ಹಾಕದ ಲಕ್ಷಾಂತರ ರೌಟರ್‌ಗಳು ಕ್ರಿಪ್ಟೊ ಗಣಿಗಾರಿಕೆ ಮಾಡುವವರ ಕೈಗೆ ಹೋದವು.

ದುಡ್ಡು ಹಾಕುವುದಾದರೆ

7 ಕಿ.ಮೀ. ಲಿಂಕ್‌ಗೆ ಆಯ್ಕೆಗಳು ಹೀಗಿವೆ. ಫೈಬರ್ ಎಳೆಯಲು ಆಗುವುದಾದರೆ ಮುಂದೆ ಓದಲೇ ಬೇಡಿ, ಎಳೆದುಬಿಡಿ. ಇಲ್ಲವಾದರೆ 11 ಅಥವಾ 18 ಗಿಗಾಹರ್ಟ್ಸ್ ಲೈಸೆನ್ಸ್ ಲಿಂಕ್. ಶುಲ್ಕ, ಕಾಗದಪತ್ರ, ಕಾಯುವುದು ಎಲ್ಲ ಇದೆ, ಆದರೆ ನಿಮ್ಮ ಚಾನೆಲ್‌ನಲ್ಲಿ ಬೇರೆಯವರು ಗಲಾಟೆ ಮಾಡುವ ಹಾಗಿಲ್ಲ. 60 ಗಿಗಾಹರ್ಟ್ಸ್ ರೇಡಿಯೋ ಅಗ್ಗ, ವೇಗ ಜಾಸ್ತಿ ಅಂತ ಯಾರಾದರೂ ತೋರಿಸಿದರೆ ಈ ದೂರಕ್ಕೆ ಬೇಡ ಅನ್ನಿ. ಆ ತರಂಗವನ್ನು ಗಾಳಿಯಲ್ಲಿನ ಆಮ್ಲಜನಕವೇ ಕಿಲೋಮೀಟರ್‌ಗೆ ಸುಮಾರು 15 ಡಿಬಿ ನುಂಗುತ್ತದೆ, ಮಳೆ ಬೇರೆ. 80 ಗಿಗಾಹರ್ಟ್ಸ್‌ಗೆ ಆಮ್ಲಜನಕದ ಕಾಟ ಕಡಿಮೆ, ಮಳೆಯ ಕಾಟ ಅಷ್ಟೇ ಇದೆ. ನಿಮ್ಮ 4 ಕಿ.ಮೀ. ಲಿಂಕ್‌ಗೆ ಅದನ್ನು ಯೋಚಿಸಬಹುದು, ಜೋರು ಮಳೆಯಲ್ಲಿ ಕೆಲಸಕ್ಕೆ ಬರಲು ಹಳೆಯ 5 ಗಿಗಾಹರ್ಟ್ಸ್ ಲಿಂಕನ್ನು ಪಕ್ಕದಲ್ಲೇ ಉಳಿಸಿಕೊಂಡರೆ. ದುಡ್ಡು ತೀರಾ ಕಡಿಮೆ ಇದ್ದರೆ ದೊಡ್ಡ ಡಿಶ್‌ನ ಹೊಸ 5 ಗಿಗಾಹರ್ಟ್ಸ್ ಲಿಂಕ್. ಡಿಎಫ್‌ಎಸ್ (ರೇಡಾರ್‌ಗೆ ದಾರಿ ಬಿಡಬೇಕಾದ) ಚಾನೆಲ್‌ನಲ್ಲಿ ಹಾಕುವುದಾದರೆ, ರೇಡಾರ್ ಕೇಳಿಸಿದ ಕೂಡಲೇ ರೇಡಿಯೋ ಆ ಚಾನೆಲ್ ಬಿಟ್ಟು ಅರ್ಧ ಗಂಟೆ ಮರಳುವಂತಿಲ್ಲ, ಹೊಸ ಡಿಎಫ್‌ಎಸ್ ಚಾನೆಲ್‌ನಲ್ಲಿ ಕನಿಷ್ಠ 60 ಸೆಕೆಂಡ್ ಸುಮ್ನೆ ಕೇಳಿಸಿಕೊಳ್ಳಬೇಕು ಅನ್ನುವುದು ನೆನಪಿರಲಿ. ಬ್ಯಾಕ್‌ಹಾಲ್‌ಗೆ ಇದು ದುಬಾರಿ ವಿರಾಮ.

ಯಾವುದನ್ನೇ ಹಾಕಿ, ಮೊದಲು ದಾರಿ ನೋಡಿ. 5.8 ಗಿಗಾಹರ್ಟ್ಸ್‌ನಲ್ಲಿ 7 ಕಿ.ಮೀ. ಲಿಂಕಿನ ನಡುವೆ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ತರಂಗಕ್ಕೆ ಬೇಕಾದ ಜಾಗ) ತ್ರಿಜ್ಯ ಸುಮಾರು 9.5 ಮೀಟರ್. ಅದರಲ್ಲಿ 60%, ಅಂದರೆ ಸುಮಾರು 5.7 ಮೀಟರ್, ಖಾಲಿ ಇರಬೇಕು. ಟವರ್‌ನಿಂದ ಟವರ್ ಕಣ್ಣಿಗೆ ಕಂಡರೆ ಸಾಲದು. ಮರಗಳು ಬೆಳೆಯುತ್ತವೆ. ಲಿಂಕ್ ಹಾಕಿದ ದಿನದ ಸಿಗ್ನಲ್ ಬರೆದಿಟ್ಟಿದ್ದರೆ ಇವತ್ತಿನದರ ಜೊತೆ ಹೋಲಿಸಿ, 4-5 ಡಿಬಿ ಇಳಿದಿದ್ದರೆ ದುರ್ಬೀನು ಹಿಡಿದು ಹತ್ತಿ.

ಬದಲಾವಣೆ ಮಾಡುವಾಗ ಯಾವಾಗಲೂ ದೂರದ ತುದಿ ಮೊದಲು. ಹತ್ತಿರದ ತುದಿಯ ಚಾನೆಲ್ ಮೊದಲು ಬದಲಿಸಿದರೆ ದೂರದ್ದಕ್ಕೆ ಹೇಳುವುದು ಹೇಗೆ? ಫರ್ಮ್‌ವೇರ್ ಕೂಡ ಹಾಗೆಯೇ, ಗ್ರಾಹಕರ ರೇಡಿಯೋಗಳು ಮೊದಲು, ಎಪಿ ಕೊನೆಗೆ. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಹಾಕಿಕೊಂಡು ಕೆಲಸ ಮಾಡಿದರೆ, ನಿಮ್ಮ ಸಂಪರ್ಕ ಕಡಿದಾಗ ಬದಲಾವಣೆ ತಾನಾಗಿ ವಾಪಸ್ ಹೋಗುತ್ತದೆ. ಎಲ್ಲ ಸಾಧನಗಳ ಕಾನ್ಫಿಗರೇಶನ್ ರಾತ್ರಿಗೊಮ್ಮೆ ಬ್ಯಾಕಪ್ ಆಗಲಿ, ಆಕ್ಸಿಡೈಸ್ಡ್ ಅನ್ನುವ ಸಾಫ್ಟ್‌ವೇರ್ ಇದನ್ನು ಉಚಿತವಾಗಿ ಮಾಡುತ್ತದೆ.

ಆ ಕೊಟೇಶನ್ ಎಸೆಯಬೇಡಿ, ಎತ್ತಿಡಿ. ಬ್ಯಾಕ್‌ಹಾಲ್ ಅಗಲವಾಗಿ, ಕೆಟ್ಟ ಗ್ರಾಹಕರನ್ನು ಸರಿಪಡಿಸಿ, ಚಾನೆಲ್ ಇಳಿಸಿ, ಒಂದು ತಿಂಗಳ ಏರ್‌ಟೈಮ್ ಅಂಕಿ ಕೈಯಲ್ಲಿ ಇರುವಾಗ ಮಾರಾಟಗಾರರನ್ನು ಮತ್ತೆ ಕರೆಯಿರಿ. ಆಗಲೂ ಸಂಜೆ 80% ದಾಟುವ ಸೆಕ್ಟರ್‌ಗಳು ಇದ್ದರೆ ಅವುಗಳ ಮಟ್ಟಿಗೆ ಅವರ ಮಾತು ಸರಿ. ಕೇಳಬೇಕಾದ ಪ್ರಶ್ನೆ ಕೆಲವೇ: ಹೊಸ ಎಪಿ ನನ್ನ ಹಳೆ ಗ್ರಾಹಕ ರೇಡಿಯೋಗಳ ಜೊತೆ ಮಾತಾಡುತ್ತದಾ? ಮಾತಾಡಿದರೂ ಹೊಸ ವೇಗದಲ್ಲಾ, ಹಳೆಯದರಲ್ಲಾ? ಒಂದೇ ಟವರ್‌ನ ಎಪಿಗಳು ಒಟ್ಟಿಗೆ ಕಳಿಸಿ ಒಟ್ಟಿಗೆ ಕೇಳುವ ಹಾಗೆ ಜಿಪಿಎಸ್ ಸಿಂಕ್ ಇದೆಯಾ? ನಿಮ್ಮ ಗದ್ದಲದ ಮಟ್ಟದಲ್ಲಿ, 40 ಮೆಗಾಹರ್ಟ್ಸ್‌ನಲ್ಲಿ, 40 ಗ್ರಾಹಕರಿಗೆ ಒಟ್ಟು ಎಷ್ಟು ಕೊಡುತ್ತದೆ? ಡಬ್ಬಿಯ ಮೇಲಿನ ಸಂಖ್ಯೆ ಹೇಳಿದರೆ ಒಪ್ಪಬೇಡಿ, ಪರೀಕ್ಷೆಗೆ ಒಂದು ಎಪಿ ಕೊಡಿ ಅನ್ನಿ. ಅದನ್ನು ಹಳೆಯದರ ಪಕ್ಕದಲ್ಲೇ ಬೇರೆ ಚಾನೆಲ್‌ನಲ್ಲಿ ಕಟ್ಟಿ, ಅತಿ ಹೆಚ್ಚು ಏರ್‌ಟೈಮ್ ತಿನ್ನುವ ಗ್ರಾಹಕರನ್ನು ಮೊದಲು ಅದಕ್ಕೆ ಸಾಗಿಸಿ. ಉಳಿದವರನ್ನು ನಿಧಾನವಾಗಿ, ಒಬ್ಬೊಬ್ಬರನ್ನಾಗಿ ಸಾಗಿಸಿ. ಹಳೆ ಎಪಿಯನ್ನು ಪೂರ್ತಿ ಖಾಲಿಯಾದ ಮೇಲಷ್ಟೇ ಇಳಿಸಿ.